ಎಡಸೆರಗಿನ ಶಿವಬಸಮ್ಮ

ಫ್ಲೆಕ್ಸಿನ ಫೈಲ್ ಯಾದಗಿರಿಯ ಪ್ರಿಂಟಿಂಗ್ ಮಷೀನಿಗೆ ಹೋಗಿಬಿಟ್ಟಿತ್ತು. ಇನ್ನು ಅದರ ಬಗ್ಗೆ ಯೋಚಿಸಿ ಫಲವಿಲ್ಲವೆಂದು ಗುರುದೇವಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಒರಗಿದೊಡನೆ ಅದೇ ಯೋಚನೆ ಬಂದು ಪಕ್ಕದ ಸ್ಟೂಲಿನ ಮೇಲೆ ಕುಳಿತುಕೊಂಡಿತು. ಶಹಾಪುರದ ಬಸ್ ನಿಲ್ದಾಣದ ಎದುರಿನ ಈ ಅಂಗಡಿಯಲ್ಲಿ ಅವಳ ಕಂಪ್ಯೂಟರಿನ ಪಕ್ಕ ಯಾವಾಗಲೂ ಒಂದು ಸ್ಟೂಲು ಇರುತ್ತದೆ, ಗಿರಾಕಿಗಳಿಗೆ. ಮದುವೆ ಕಾರ್ಡಾಗಲಿ, ಅಂಗಡಿಯ ಬೋರ್ಡಾಗಲಿ, ಸತ್ತವರ ಫ್ಲೆಕ್ಸಾಗಲಿ, ಹೇಳಿ ಹೋಗಿ ಆಮೇಲೆ ಬಂದು ಒಯ್ಯುವ ಪದ್ಧತಿ ಇಲ್ಲಿನವರಿಗಿಲ್ಲ. ಕುಳಿತು, ಕತ್ತು ಚಾಚಿ, ಅದನ್ನು ಮೇಲೆ ಮಾಡ್ರಿ ಇದನ್ನು ಕೆಂಪು ಮಾಡ್ರಿ ಅಂತ ಪರದೆಗೆ ಬೆರಳು ಒತ್ತಿ ಕಲೆ ಮಾಡಿಯೇ ಏಳಬೇಕು. ಇವತ್ತು ಬೆಳಿಗ್ಗೆ ಮಾತ್ರ ಸ್ಟೂಲು ಖಾಲಿ ಇತ್ತು. ಗಿರಾಕಿ ಅವಳೇ ಆಗಿದ್ದಳು. ಯಾರಾದರೂ ಒಬ್ಬರು ಪಕ್ಕದಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅವಳಿಗೆ ಅನಿಸಿತು. ಮರುಗಳಿಗೆ, ಯಾರೂ ಇರದಿದ್ದದ್ದೇ ಕಾರಣವೇನೋ ಎಂದೂ ಅನಿಸಿತು.

ನಾಳೆ ಅವಳ ಅತ್ತೆ ಶಿವಬಸಮ್ಮನ ವರ್ಷದ ಪುಣ್ಯಸ್ಮರಣೆ. ಮನೆಯ ಮುಂದಿನ ಚಪ್ಪರಕ್ಕೆ ಕಟ್ಟುವ ಫ್ಲೆಕ್ಸನ್ನು ಸೊಸೆಯೇ ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಆದರೆ ಊರಲ್ಲಿ ಸತ್ತ ಅರ್ಧ ಮಂದಿಗೆ ಭಾವಪೂರ್ಣ ಶ್ರದ್ಧಾಂಜಲಿ ಬರೆದವಳು ತನ್ನ ಮನೆಯ ಸಾವಿಗೆ ಬೇರೆಯವರ ಹತ್ತಿರ ಹೋದರೆ ಜನ ಸುಮ್ಮನಿರುತ್ತಾರೆಯೇ? ಇದ್ದದ್ದು ಒಂದೇ ಒಳ್ಳೆಯ ಫೋಟೋ. ತಿಂಥಣಿಯ ಮೌನೇಶ್ವರನ ಗುಡಿಗೆ ಹೋದಾಗ ನಾದಿನಿ ಕಸ್ತೂರಿ ಫೋನಿನಲ್ಲಿ ತೆಗೆದದ್ದು. ಹಿಂದೆ ಕೃಷ್ಣೆಯ ನೀರು, ಹಣೆಗೆ ವಿಭೂತಿ, ಎಡಗೆನ್ನೆಯ ಮೇಲೆ ನರೂಲಿ, ಬಲ ಹೆಗಲ ಮೇಲೆ ಬಿಗಿಯಾಗಿ ಎಳೆದು ಹೊದ್ದ ಸೆರಗು. ಆ ಮನೆಯ ಹೆಂಗಸರೆಲ್ಲ ಬಲಸೆರಗಿನವರು. ಅವಳು ಚಿತ್ರವನ್ನು ದೊಡ್ಡದು ಮಾಡುವ ಮುಂಚೆ ಅದರ ಅಳತೆಗೆ ಬೀಗ ಹಾಕಬೇಕಿತ್ತು, ಹಾಕದಿದ್ದರೆ ಮುಖ ಉದ್ದವೋ ಅಡ್ಡವೋ ಆಗುತ್ತದೆ. ಬೀಗದ ಗುಂಡಿ ಇರುವ ಜಾಗಕ್ಕೆ ಕೈ ತಾನಾಗಿ ಹೋಯಿತು. ಆದರೆ ಮೊನ್ನೆಯಷ್ಟೇ ಸಾಫ್ಟ್‌ವೇರು ಹೊಸದಾಗಿತ್ತು. ಹಳದಿ ಬೀಗ, ನೀಲಿ ಕತ್ತರಿ, ಬಣ್ಣ ತುಳುಕುವ ಬಕೆಟ್ಟು ಎಲ್ಲ ಹೋಗಿ, ಅವುಗಳ ಜಾಗದಲ್ಲಿ ಒಂದೇ ಬೂದು ಬಣ್ಣದ ತೆಳ್ಳಗಿನ ಗೆರೆಗಳು ಬಂದಿದ್ದವು. ಕ್ಲಿಕ್ ಮಾಡಿದಳು. ಅತ್ತೆ ಮುಖ ತಿರುಗಿಸಿಕೊಂಡಳು.

ಬೀಗದ ಜಾಗದಲ್ಲಿ ಕನ್ನಡಿಯ ಗುಂಡಿ ಬಂದಿತ್ತು, ಚಿತ್ರವನ್ನು ಎಡಬಲ ಮಗುಚುವುದು. ಇಷ್ಟೇ ಆಗಿದ್ದರೆ ಇದು ಒಂದು ಕತೆಯೂ ಅಲ್ಲ, ತಪ್ಪೂ ಅಲ್ಲ. ಎರಡು ಬೆರಳು ಒತ್ತಿದರೆ ಮಾಡಿದ್ದು ಅಳಿಸಿಹೋಗುತ್ತದೆ, ಅದಕ್ಕೆ ಐಕಾನೂ ಬೇಡ. ಅವಳ ಬೆರಳುಗಳು ಆ ಎರಡು ಕೀಲಿಗಳ ಮೇಲೇ ಇದ್ದವು. ಆಗ ಅವಳು ನೋಡಿದ್ದಳು. ನರೂಲಿ ಬಲಗೆನ್ನೆಗೆ ಬಂದಿತ್ತು. ಸೆರಗು ಎಡ ಹೆಗಲಿಗೆ ಬಂದಿತ್ತು. ಅತ್ತೆ ಯಾರದೋ ಮನೆಯ ಸಾಧು ಹೆಂಗಸಿನ ಹಾಗೆ, ಹೆಚ್ಚು ಮಾತಿಲ್ಲದವಳ ಹಾಗೆ ಕಾಣುತ್ತಿದ್ದಳು. ಅಷ್ಟರಲ್ಲಿ ಗಂಡ ಶರಣಕುಮಾರನ ಫೋನು ಬಂತು. ಅವನು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ತೂಕದ ಕೆಲಸಕ್ಕಿದ್ದ, ಹಿಂದೆ ಯಂತ್ರಗಳ ಸದ್ದು. “ಫ್ಲೆಕ್ಸಿನ ಕೆಲಸ ಆತೇನು? ಸಂಜಿ ಬಸ್ಸಿಗೆ ಬರ್ತದಿಲ್ಲೋ?” ಎಂದ. “ಕಳಿಸಿದೆ,” ಎಂದಳು. ಆಗಿನ್ನೂ ಕಳಿಸಿರಲಿಲ್ಲ. ಸುಳ್ಳು ಹೇಳಿದ್ದನ್ನು ನಿಜ ಮಾಡುವುದಕ್ಕೆಂಬಂತೆ ಆಮೇಲೆ, ಮಗುಚಿದ್ದನ್ನು ಹಾಗೇ ಬಿಟ್ಟು, ಕಳಿಸಿದಳು.

ಮೇಜಿನ ಮೇಲಿನ ಫೋನು ನಡುಗುತ್ತಲೇ ಇತ್ತು. ಜಿಲ್ಲೆಯ ಡಿಸೈನರುಗಳ ಗುಂಪಿನಲ್ಲಿ ಹೊಸ ಐಕಾನುಗಳು ಬಂದ ದಿನದಿಂದ ಗೋಳೋ ಗೋಳು. ಸುರಪುರದ ಗಯಾಸನ ಧ್ವನಿ ಸಂದೇಶ: “ಎಲ್ಲಾಕ್ಕೂ ಬೂದಿ ಬಡದಂಗ ಆಗ್ಯದ ಯಪ್ಪಾ. ಯಾವ್ದು ಕತ್ರಿ ಯಾವ್ದು ಸೂಜಿ ತಿಳೀವಲ್ದು.” ಕಕ್ಕೇರಾದವನೊಬ್ಬ ಒಂದು ಶ್ರದ್ಧಾಂಜಲಿಯ ಚಿತ್ರವನ್ನೇ ಮಾಡಿ ಹಾಕಿದ್ದ, ಹಳೆಯ ಬಕೆಟ್ಟಿಗೆ ಹಾರ ಹಾಕಿ, ಕೆಳಗೆ ‘ಮತ್ತೆ ಹುಟ್ಟಿ ಬಾ’ ಎಂದು. ಇನ್ನೊಬ್ಬ, ಇದನ್ನ ಮಾಡಿದ ಪುಣ್ಯಾತ್ಮ ಒಂದು ದಿನಾನಾದ್ರೂ ಲಗ್ನದ ಸೀಜನ್ನಿನ್ಯಾಗ ಕುಂತು ಕಾರ್ಡ್ ಮಾಡ್ಯಾನೇನು, ಎಂದು ಬರೆದಿದ್ದ. ನಕ್ಕವರು, ಬೈದವರು, ಹಳೆಯದನ್ನೇ ವಾಪಸ್ ಹಾಕಿಕೊಳ್ಳುವುದು ಹೇಗೆಂದು ಕೇಳಿದವರು. ಇವರೆಲ್ಲರ ನಡುವೆ ಗುರುದೇವಿಯ ಒಂದೇ ಒಂದು ಸಾಲು ಇತ್ತು, ನಿನ್ನೆ ಮಧ್ಯಾಹ್ನ ಹಾಕಿದ್ದು. “ಕುಣಿಲಾರದಾಕಿ ನೆಲ ಡೊಂಕ ಅಂದಳಂತ. ಕಣ್ಣು ತೆರದು ಕೆಲಸ ಮಾಡ್ರಿ, ರೂಢಿ ಆಗ್ತದ.” ಅದನ್ನು ಬರೆದಾಗ ಅವಳಿಗೆ ಖುಷಿಯಾಗಿತ್ತು. ಗುಂಪಿನಲ್ಲಿ ಅವಳೊಬ್ಬಳೇ ಹೆಂಗಸು. ಗಂಡಸರು ಅಳುತ್ತಿರುವಾಗ ಅಳದೆ ಇರುವ ಖುಷಿ ಸಣ್ಣದಲ್ಲ. ಈಗ ಆ ಸಾಲು ಗೋಡೆಗೆ ಬಡಿದ ಮೊಳೆಯ ಹಾಗೆ ಅಲ್ಲೇ ಇತ್ತು, ತೆಗೆಯಲು ಬರುವಂತಿರಲಿಲ್ಲ.

ರೂಢಿ. ಅತ್ತೆ ಆ ಮಾತನ್ನು ಬೇರೆ ಥರ ಹೇಳುತ್ತಿದ್ದಳು. ಯಾದಗಿರಿಯ ಹುಡುಗಿ ಗುರುದೇವಿ ಮದುವೆಯಾಗಿ ಬಂದ ಮರುದಿನವೇ ನಡುಮನೆಯಲ್ಲಿ ನಿಲ್ಲಿಸಿ, ಎಡ ಹೆಗಲ ಮೇಲಿನ ಸೆರಗು ಬಿಚ್ಚಿ, ಸೀರೆಯನ್ನು ಮೊದಲಿಂದ ಸುತ್ತಿ ಬಲಕ್ಕೆ ಹಾಕಿದ್ದಳು. “ಇದು ನಮ್ಮ ಮನಿ ರೂಢಿ. ಇವತ್ತ ತ್ರಾಸು, ನಾಳಿ ಸಲೀಸು.” ಎಷ್ಟು ಕಾಲ ಹಾಗೆ ಉಟ್ಟಿದ್ದಳೋ. ಆಮೇಲೆ ಕಂಪ್ಯೂಟರ್ ಕಲಿತು, ನಸೀರುದ್ದೀನನ ಈ ಅಂಗಡಿಗೆ ಕೆಲಸಕ್ಕೆ ಬಂದಾಗ, ಬಲ ಹೆಗಲ ಸೆರಗು ಮೌಸ್ ಹಿಡಿದ ಕೈಮೇಲೆ ಜಾರಿ ಜಾರಿ ಬೀಳುತ್ತಿತ್ತು. ಒಂದು ಬೆಳಿಗ್ಗೆ ಎಡಕ್ಕೆ ಹಾಕಿಕೊಂಡು ಹೊರಟಳು. ಶಿವಬಸಮ್ಮ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದವಳು ಮೊರ ಕೆಳಗಿಟ್ಟಳು. “ಮಷೀನಿನ ಸಲುವಾಗಿ ಸೆರಗು ಬದಲಿ ಮಾಡ್ದಿ? ನಿನ್ನ ಸಲೀಸಿಗೆ ನಾಳಿ ಮನಿ ಬಾಗಲಾನೂ ಕಿತ್ತಿ ಹಿತ್ತಲಕ್ಕ ಹಚ್ಚು.” ಬಹಳ ದಿನ ಮಾತಾಡಲಿಲ್ಲ. ಮಾತಾಡಿದಾಗಲೂ ಅವಳ ಮುಖ ನೋಡದೆ ಹೆಗಲು ನೋಡಿ ಮಾತಾಡುತ್ತಿದ್ದಳು. ಗುರುದೇವಿಯೂ ಬಿಡಲಿಲ್ಲ. ಅಂಗಡಿಯಿಂದ ಬಂದ ಮೇಲಾದರೂ ಬಲಕ್ಕೆ ಹಾಕಿಕೊಳ್ಳಬಹುದಿತ್ತು. ರವಿವಾರವಾದರೂ. ಹಾಕಿಕೊಳ್ಳಲಿಲ್ಲ.

“ಬಾಯಿ, ನಿಮ್ಮ ಬಣ್ಣದ ಬಕೀಟ ಎಲ್ಲಿ ಹೋತ್ರಿ?”

ಬ್ಯಾಂಡ್ ಕಂಪನಿಯ ಲಾಡ್ಲೇಸಾಬ ಯಾವಾಗ ಬಂದು ಸ್ಟೂಲಿನ ಮೇಲೆ ಕುಳಿತನೋ ಅವಳಿಗೆ ಗೊತ್ತಾಗಿರಲಿಲ್ಲ. ಲಗ್ನದ ಸೀಜನ್ನು ಬರುವ ಮುಂಚೆ ಪ್ರತಿ ಸಲ ಹೊಸ ಬೋರ್ಡು ಮಾಡಿಸುವ ಗಿರಾಕಿ. ಇಷ್ಟು ವರ್ಷ ಪಕ್ಕದಲ್ಲಿ ಕುಳಿತು ಕುಳಿತು ಅವನಿಗೂ ಐಕಾನುಗಳು ಬಾಯಿಪಾಠವಾಗಿದ್ದವು. ಆ ಕತ್ರಿಲೆ ಕತ್ತರಿಸ್ರಿ, ಬಕೀಟಲೆ ಕೆಂಪು ಸುರೀರಿ, ಎಂದು ತನ್ನ ಬ್ಯಾಂಡಿನವರಿಗೆ ಹೇಳುವ ಗತ್ತಿನಲ್ಲೇ ಅವಳಿಗೂ ಹೇಳುತ್ತಿದ್ದ.

“ಅಲ್ಲೇ ಅದ ಲಾಡ್ಲೇಸಾಬ. ವೇಷ ಬದಲಿ ಮಾಡ್ಯದ ಅಷ್ಟ.”

ಅವನು ಕನ್ನಡಕ ಏರಿಸಿ ಪರದೆಯ ಹತ್ತಿರ ಮೂಗು ಒಯ್ದ. “ಇದಾ? ಇದರಾಗ ನೀರೇ ಇಲ್ಲಲ್ರಿ. ಬರೇ ಬಕೀಟಿನ ಎಲುಬು ಅದ.” ಬೇಸರದಿಂದ ಹಿಂದಕ್ಕೆ ಸರಿದ. “ನಾ ಇನ್ನ ಹ್ಯಾಂಗ ಹೇಳ್ಲಿ ನಿಮಗ, ಯಾವ್ದು ಒತ್ರಿ ಅಂತ? ನನ್ನ ಕೆಲಸಾನೇ ಹೋತಲ್ಲ.”

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಮಾಲೀಕ ನಸೀರುದ್ದೀನ ಜೋರಾಗಿ ನಕ್ಕ. ಒಳ್ಳೆಯ ಮನುಷ್ಯ, ಹೊಗಳಿಕೆಯನ್ನು ಎದುರಿಗೇ ಹೇಳಿಬಿಡುವ ಕೆಟ್ಟ ಚಟವೊಂದು ಬಿಟ್ಟರೆ. “ಎಲ್ಲಾರೂ ರೋತಾ, ಅಳಕೋತ ಕೂತಾರ ಭಾಯಿ. ಸುರಪುರ, ಯಾದಗಿರಿ, ಎಲ್ಲಾ ಕಡೆ. ನಮ್ಮ ಗುರುದೇವಿಬಾಯಿಗೆ ಮಾತ್ರ ಏನೂ ಫರಕ್ ಇಲ್ಲ. ಒಂದ ಐಕಾನ್ ತಪ್ಪಂಗಿಲ್ಲ. ಗುಂಪಿನ್ಯಾಗ ಏನ್ ಬರದಾಳ ನೋಡ್ರಿ, ಕುಣಿಲಾರದಾಕಿ...” ಅಷ್ಟರಲ್ಲಿ ಅವನ ಫೋನು ಬಡಿಯಿತು. ಹಲೋ ಎಂದವನು ಕೇಳಿಸಿಕೊಂಡು, ಫೋನನ್ನು ಎದೆಗೆ ಒತ್ತಿಕೊಂಡು ಅವಳ ಕಡೆ ನೋಡಿದ. “ಯಾದಗಿರಿ ಮಷೀನಿನವರು. ನಿಮ್ಮ ಅತ್ತೀ ಅವ್ರ ಫ್ಲೆಕ್ಸ್ ಹಾಕ್ಲಿ ಏನು ಅಂತ ಕೇಳಾಕತ್ತಾರ. ಒಮ್ಮೆ ಹಾಕಿದ್ರ ಇವತ್ತ ಮತ್ತ ಆಗಂಗಿಲ್ಲ ಅಂತ. ಎಲ್ಲಾ ನೋಡೀರಲ್ಲ?”

ಇದಕ್ಕಾಗಿಯೇ ಅವಳು ಕಾಯುತ್ತಿದ್ದಳೇ? ಒಂದು ಮಾತು ಸಾಕಾಗಿತ್ತು. ತಡೀರಿ, ಒಂದು ತಪ್ಪಾಗ್ಯದ, ಬೇರೆ ಕಳಸ್ತೀನಿ. ನಸೀರುದ್ದೀನ ಏನೂ ಅನ್ನುತ್ತಿರಲಿಲ್ಲ. ಲಾಡ್ಲೇಸಾಬ, ನಿಮಗೂ ಬಕೀಟ ಕಾಣವಲ್ದಾತೇನ್ರಿ ಬಾಯಿ ಅಂತ ನಗುತ್ತಿದ್ದ. ಸಂಜೆಯ ಹೊತ್ತಿಗೆ ಅದು ಗುಂಪಿಗೂ ಮುಟ್ಟುತ್ತಿತ್ತು. ನೆಲ ಡೊಂಕಾಗ್ಯದೇನ್ರಿ ಮೇಡಂ ಎಂದು ಗಯಾಸನ ಧ್ವನಿ ಬರುತ್ತಿತ್ತು. ಇವೆಲ್ಲ ಅವಳ ತಲೆಯಲ್ಲಿ ಬಂದದ್ದು ನಿಜ. ಆದರೆ ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿದರೂ, ಅವಳನ್ನು ತಡೆದದ್ದು ಆ ನಾಚಿಕೆ ಎಂದು ತನಗೆ ತಾನೇ ನಂಬಿಸಲು ಆಗಲಿಲ್ಲ. ದಣಿವಾಗಿತ್ತು. ಬಲಕ್ಕೆ ಹಾಕುವುದು, ಎಡಕ್ಕೆ ಹಾಕುವುದು, ಮತ್ತೆ ಬಲಕ್ಕೆ ಹಾಕುವುದು, ಸತ್ತ ಮೇಲೂ ಆ ಮುದುಕಿಯ ಸೆರಗನ್ನು ತಾನೇ ಸರಿ ಮಾಡಬೇಕು. ಆ ದಣಿವಿನ ತಳದಲ್ಲಿ ಇನ್ನೊಂದು ಏನೋ ಇತ್ತು, ಸಣ್ಣದು, ತಣ್ಣಗಿನದು, ಹೆಚ್ಚುಕಡಿಮೆ ಸುಖದಂಥದ್ದು.

“ನೋಡೀನ್ರಿ,” ಎಂದಳು. “ಹಾಕ್ರಿ.”

ಲಾಡ್ಲೇಸಾಬನ ಬೋರ್ಡಿಗೆ ಕಹಳೆ, ನಗಾರಿ, ಎರಡು ಗುಲಾಬಿ ಕೂಡಿಸುತ್ತ ಅವಳು ಮಧ್ಯಾಹ್ನ ಕಳೆದಳು. ಈಗ ಪ್ರತಿ ಗುಂಡಿಯ ಮೇಲೂ ಮೌಸ್ ನಿಲ್ಲಿಸಿ ಅದರ ಹೆಸರು ಬರುವವರೆಗೆ ಕಾದು ಒತ್ತಿದಳು, ಶಾಲೆಯ ಮಗು ಅಕ್ಷರಕ್ಕೆ ಬೆರಳಿಡುವ ಹಾಗೆ. ಹಾಗೆ ಮಾಡಿದರೆ ಯಾವುದೂ ತಪ್ಪುತ್ತಿರಲಿಲ್ಲ. ಹಾಗಿದ್ದರೆ ಬೆಳಿಗ್ಗೆ ಯಾಕೆ ಕಾಯಲಿಲ್ಲ? ಕೈಗೆ ಕಣ್ಣಿಲ್ಲ, ಕೈ ಹಳೆಯ ಜಾಗಕ್ಕೇ ಹೋಗುತ್ತದೆ. ಅತ್ತೆಗೆ ಲಕ್ವ ಹೊಡೆದಾಗಲೂ ಹಾಗೇ ಆಗಿತ್ತು. ಬಲಗೈ, ಬಲಗಾಲು, ಜೊತೆಗೆ ಮಾತು, ಒಟ್ಟಿಗೇ ಹೋದವು. ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಮೈ ಒರೆಸಿ ಸೀರೆ ಉಡಿಸಬೇಕು. ಗುರುದೇವಿಯ ಕೈ ತನಗೆ ಬಂದ ಹಾಗೆ ಸುತ್ತಿ ಸೆರಗನ್ನು ಎಡ ಹೆಗಲಿಗೆ ಎಸೆಯಿತು. ಮೊದಲ ದಿನ ಅದು ಕೈಯ ತಪ್ಪು, ಅವಸರದ ತಪ್ಪು. ಮುದುಕಿ ಸೊಸೆಯ ಮುಖ ನೋಡಿದಳು, ಬಾಯಿ ಒಂದು ಕಡೆ ಎಳೆಯಿತು, ಶಬ್ದ ಬರಲಿಲ್ಲ. ಸಂಜೆ ಬಂದು ನೋಡಿದರೆ ಮಂಚದ ಮೇಲೆ ಸೀರೆ ಅಸ್ತವ್ಯಸ್ತ. ಇದ್ದ ಒಂದು ಎಡಗೈಯಿಂದ ಇಡೀ ದಿನ ಸೆರಗನ್ನು ಚೂರು ಚೂರೇ ಜಗ್ಗಿ ಜಗ್ಗಿ ಬಲ ಹೆಗಲಿಗೆ ತರಲು ನೋಡಿದ್ದಳು. ಕುತ್ತಿಗೆಯವರೆಗೆ ಬಂದು ಅಲ್ಲಿ ನಿಂತಿತ್ತು. ಗುರುದೇವಿ ಬಿಚ್ಚಿ ಮತ್ತೆ ಉಡಿಸಿದಳು. ಎಡಕ್ಕೇ. ಮರುದಿನವೂ ಎಡಕ್ಕೇ. ಉಡಿಸುವವರಿಗೆ ಹಾಗೆ ಸಲೀಸು. ದಿನಾ ಬೆಳಿಗ್ಗೆ ಇವಳು ಎಡಕ್ಕೆ ಹಾಕುವುದು, ದಿನವಿಡೀ ಅವಳು ಬಲಕ್ಕೆ ಜಗ್ಗುವುದು. ಒಂದು ದಿನ ಸಂಜೆ ಬಂದಾಗ ಸೆರಗು ಹಾಕಿದಲ್ಲೇ ಇತ್ತು, ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗೆದ್ದೆ ಎಂದು ಅನಿಸಿತ್ತು. ಆಮೇಲೆ ಅವಳು ಬಹಳ ದಿನ ಬದುಕಲಿಲ್ಲ.

ಸಂಜೆ ಯಾದಗಿರಿ ಬಸ್ಸಿನ ಕಂಡಕ್ಟರು ಸುರುಳಿ ಕೈಗೆ ಕೊಟ್ಟ. ಹಳೆಯ ಪೇಪರಿನಲ್ಲಿ ಸುತ್ತಿದ್ದರು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹೊತ್ತುಕೊಂಡು ನಡೆಯುವಾಗ ಅದು ಹೆಗಲಿಂದ ಜಾರುತ್ತಿತ್ತು. ಎಡ ಹೆಗಲಿಂದ ಬಲಕ್ಕೆ ಬದಲಿಸಿದಳು, ಸ್ವಲ್ಪ ದೂರ ಹೋಗಿ ಮತ್ತೆ ಎಡಕ್ಕೆ. ಮನೆಯಲ್ಲಿ ಕಸ್ತೂರಿ ಕಕ್ಕೇರಾದಿಂದ ಬಂದು ಸೆರಗು ಸಿಕ್ಕಿಸಿ ಹೂರಣ ರುಬ್ಬುತ್ತಿದ್ದಳು, ಬಲಸೆರಗು. ಶರಣಕುಮಾರ ಸುರುಳಿ ಬಿಚ್ಚಿ ನಡುಮನೆಯ ನೆಲದ ಮೇಲೆ ಹಾಸಿದ. ಮೂಲೆಗಳು ಮತ್ತೆ ಸುತ್ತಿಕೊಳ್ಳದ ಹಾಗೆ ತಂಬಿಗೆ, ಮಣೆ, ಜೋಳದ ಡಬ್ಬಿ ಇಟ್ಟ. ಅವ್ವ ನೆಲದ ಮೇಲೆ ಅಂಗಾತ ಮಲಗಿ ಮೂವರನ್ನೂ ನೋಡಿದಳು.

“ಚಂದ ಬಂದದ,” ಎಂದ ಶರಣಕುಮಾರ. ಆಮೇಲೆ, “ಏನೋ ಒಂಥರಾ ಅನಸ್ತದಲ್ಲ?” ಎಂದ. ತಲೆ ಈ ಕಡೆ ಆ ಕಡೆ ಮಾಡಿದ.

ಕಸ್ತೂರಿ ಹೂರಣದ ಕೈಯಲ್ಲೇ ಬಂದು ನಿಂತಿದ್ದಳು. ಅವಳು ಕೂಡಲೇ ಕಂಡುಹಿಡಿದಳೆಂದು ಗುರುದೇವಿಗೆ ಗೊತ್ತಾಯಿತು, ಯಾಕೆಂದರೆ ಅವಳ ಕೈ ತನ್ನ ಬಲ ಹೆಗಲಿಗೆ ಹೋಗಿ ಅಲ್ಲಿ ಹೂರಣದ ಗುರುತು ಮಾಡಿತು. “ಅಣ್ಣಾ, ಸೆರಗು ನೋಡು,” ಎಂದಳು. “ಅವ್ವನ ಸೆರಗು.”

ಶರಣಕುಮಾರ ನೋಡಿದ. ಹೆಂಡತಿಯನ್ನು ನೋಡಿದ. ಜಗಳವೆಂದರೆ ಹೆದರುವ ಮನುಷ್ಯ, ತಾಯಿಗೂ ಹೆಂಡತಿಗೂ ನಡುವೆ ಹೊಸ್ತಿಲ ಹಾಗೆ ಇಬ್ಬರಿಂದಲೂ ತುಳಿಸಿಕೊಂಡವನು. ಅವನೇ ಅವಸರವಾಗಿ ಅವಳ ಪರವಾಗಿ ಹೇಳಿಬಿಟ್ಟ. “ಅಲ್ಲವ್ವಾ, ಆ ಸಾಫ್ಟ್‌ವೇರಿನ್ಯಾಗ ಐಕಾನ್ ಎಲ್ಲಾ ಬದಲಿ ಮಾಡ್ಯಾರಂತ. ಎಲ್ಲಾರ್ದೂ ತಪ್ಪಾಗಾಕತ್ತದಂತ. ಮೊನ್ನಿ ನೀನೇ ಹೇಳ್ದಿ ಅಲ್ಲ, ಗುರುದೇವಿ? ಅದೇ ಆಗಿರ್ತದ. ದೊಡ್ಡದೊಂದು ಹಾರ ಹಾಕಿದ್ರ ಮುಚ್ಚಿಹೋಗ್ತದ, ಬಿಡು.”

ಹೌದು ಎಂದರೆ ಮುಗಿಯುತ್ತಿತ್ತು. ಅರ್ಧ ಸತ್ಯವೂ ಆಗಿತ್ತು. ದಾರಿ ಅಷ್ಟು ನುಣ್ಣಗಿತ್ತು, ಎಲ್ಲರೂ ಕೂಡಿ ಗುಡಿಸಿ ಅವಳಿಗಾಗಿ ಇಟ್ಟಿದ್ದರು. ಗುರುದೇವಿ ನೆಲದ ಮೇಲಿನ ಮುಖ ನೋಡಿದಳು, ಯಾರದೋ ಮನೆಯ ಆ ಸಾಧು ಹೆಂಗಸನ್ನು, ಮತ್ತು ಅವಳಿಗೆ ಬಹಳ ಸಾಕಾಯಿತು.

“ಐಕಾನ್ ತಪ್ಪಿ ಒತ್ತಿದ್ದು ಖರೆ,” ಎಂದಳು. “ಆದರ ತಿರುಗಿದ್ದನ್ನ ನಾ ನೋಡೀನಿ. ಯಾದಗಿರಿಯವರು ಫೋನ್ ಮಾಡಿ ಹಾಕ್ಲಿ ಏನು ಅಂತ ಕೇಳಿದ್ರು. ನೋಡೀನಿ, ಹಾಕ್ರಿ ಅಂದೆ.”

ಶರಣಕುಮಾರ ತಂಬಿಗೆಯನ್ನು ಮೂಲೆಯಿಂದ ಎತ್ತಿ ಮತ್ತೆ ಅಲ್ಲೇ ಇಟ್ಟ. ಹೊರಗೆ ಹೋಗಿ ಚಪ್ಪರದ ಹಗ್ಗ ಬಿಗಿಮಾಡತೊಡಗಿದ. ಕಸ್ತೂರಿ ಬೈಯುತ್ತಾಳೆಂದು ಗುರುದೇವಿ ಕಾದಳು, ಬೈದರೆ ಹಗುರವಾಗುತ್ತಿತ್ತು. ಕಸ್ತೂರಿ ಫ್ಲೆಕ್ಸಿನ ಪಕ್ಕ ಕುಕ್ಕುರುಗಾಲಲ್ಲಿ ಕುಳಿತಳು.

“ಕಡೀಕ ಹಿಂಗೇ ಇದ್ಳಲ್ಲ ವೈನಿ,” ಎಂದಳು. “ನೀವು ಉಡಸ್ತಿದ್ರಿ. ನಾ ಬಂದಾಗ ಎಡಗೈಲೆ ಜಗ್ಗಿಕೋತ ಕುಂತಿರ್ತಿದ್ಳು. ಯಾಕ ಜಗ್ತಾಳ ಅಂತ ನನಗ ಗೊತ್ತಿತ್ತು. ನಾ ಒಂದು ಸಲ ಬಿಚ್ಚಿ ಸರಿ ಉಡಿಸಬಹುದಿತ್ತು. ವೈನಿಗೆ ಯಾಕ ಸಿಟ್ಟು ಬರಸೋದು, ಇದ್ದೂರಾಗ ಇದ್ದು ಮಾಡಾಕಿ ಅಕಿ, ಅಂತ ಸುಮ್ಮನ ಬಸ್ ಹತ್ತತಿದ್ದೆ.” ಎದ್ದು, “ಹಾರ ಸಣ್ಣದೇ ಸಾಕು. ಮುಚ್ಚೋದ ಬ್ಯಾಡ,” ಎಂದು ಒಳಗೆ ಹೋದಳು. ರುಬ್ಬುವ ಸದ್ದು ಮತ್ತೆ ಶುರುವಾಯಿತು.

ಬೆಳಿಗ್ಗೆ ಮಂದಿ ಬರತೊಡಗಿದಾಗ ಗುರುದೇವಿ ಅಡುಗೆಮನೆಯಲ್ಲಿದ್ದಳು, ಚಹಾಕ್ಕೆ ಇಟ್ಟು. ಹೊರಗೆ ರಸ್ತೆಯಲ್ಲಿ ನಿಂತವರ ಮಾತು ಕೇಳುತ್ತಿತ್ತು. ಫೋಟೋ ಭಾಳ ಚಂದ ಬಂದದ, ಸೊಸಿನೇ ಮಾಡ್ಯಾಳಂತ. ಯಾರೋ ಒಬ್ಬ ಮುದುಕಿ, ಶಿವಬಸವ್ವ ಬಲಸೆರಗಿನಾಕಿ ಅಲ್ಲೇನ, ಎಂದಳು. ಇನ್ನೊಬ್ಬಳು, ಈಗೆಲ್ಲಾ ಯಾರು ನೋಡ್ತಾರ ಬಿಡಬೇ, ಎಂದಳು. ಹೆಸರಿಲ್ಲದ ಒಂದು ಭಯದಿಂದ ಗುರುದೇವಿ ಮುಂಬಾಗಿಲಿಗೆ ಬಂದಳು. ಮನೆ ಮೂಡಣಕ್ಕೆ ಮುಖ ಮಾಡಿದ್ದು. ಫ್ಲೆಕ್ಸು ಚಪ್ಪರದ ಮುಂದೆ ರಸ್ತೆಗೆ ಮುಖ ಮಾಡಿ ಕಟ್ಟಿದ್ದು. ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು, ಬಟ್ಟೆ ತೆಳ್ಳಗಿನದು, ಬೆಳಕು ಈಚೆಗೆ ಹಾಯುತ್ತಿತ್ತು. ಒಳಗಿನಿಂದ ನೋಡುವವರಿಗೆ ಬಿಳಿ ಬೆನ್ನಿನ ಮೇಲೆ ಮಸುಕಾಗಿ ಶಿವಬಸಮ್ಮ ಮೂಡಿದ್ದಳು. ಅಕ್ಷರಗಳೆಲ್ಲ ತಿರುವುಮುರುವಾಗಿ ಓದಲು ಬಾರದ ಹಾಗಿದ್ದವು. ಎಡಗೆನ್ನೆಯ ಮೇಲೆ ನರೂಲಿ. ಬಲ ಹೆಗಲ ಮೇಲೆ ಸೆರಗು, ಬಿಗಿಯಾಗಿ. ಸಾಧು ಹೆಂಗಸು ಎಲ್ಲೂ ಇರಲಿಲ್ಲ. ಇದು ಅವಳೇ, ಮೊರ ಕೆಳಗಿಟ್ಟು ಎದ್ದುಬಂದವಳು, ನೋಟ ಬಾಗಿಲಲ್ಲಿ ನಿಂತ ಸೊಸೆಯ ಕಡೆಗೆ.

“ವೈನಿ, ಚಾ ಉಕ್ಕಾಕತ್ತದ,” ಎಂದು ಕಸ್ತೂರಿ ಒಳಗಿನಿಂದ ಕೂಗಿದಳು.

ಗುರುದೇವಿಗೆ ಕೇಳಿಸಿತು, ಆದರೆ ಬಾಗಿಲು ಬಿಟ್ಟು ಹೋಗಲಿಲ್ಲ. ಬಿಸಿಲು ಮೇಲೇರಿದರೆ ಈ ಚಿತ್ರ ಇರುವುದಿಲ್ಲ, ಅಷ್ಟರೊಳಗೆ ಏನಾದರೂ ಹೇಳಬೇಕು, ಮುದುಕಿ ಕಾಯುತ್ತಿದ್ದಾಳೆ.

“ಜಗ್ಗಿಕೊಂಡ್ರಿ ನೋಡ್ರಿ ಅತ್ತಿ,” ಎಂದಳು ಮೆಲ್ಲಗೆ. “ಕಡೀಗೂ ಜಗ್ಗಿಕೊಂಡ್ರಿ.”

ಆಮೇಲೆ ಒಳಗೆ ಹೋಗಿ, ಉಕ್ಕಿ ಚೆಲ್ಲಿದ ಚಹಾ ಒರೆಸಿದಳು.